ಭೋಂಗಾದೊಳಗಿನ ಕೆಂಚವ್ವ

ಮೇಲವಂಕಿಯ ಯಲ್ಲಾರಿಗೆ ಹೆಣ್ಣು ಹುಡುಕುವ ತೊಂದರೆ ಅವನ ಅಪ್ಪ ಬೀರಸಿದ್ದಪ್ಪನಿಗೆ ಇರಲೇ ಇಲ್ಲ. ಸೋದರಮಾವ ಪರಸಪ್ಪನಿಗೆ ಮಗಳು ಕೆಂಚವ್ವ ಹುಟ್ಟಿದಾಗಲೇ, ತೊಟ್ಟಿಲ ಸುತ್ತ ಕೂತ ಹೆಂಗಸರು ‘ಇಕಿ ಯಲ್ಲಾರಿ ಹೇಂತಿ’ ಎಂದು ತೀರ್ಮಾನಿಸಿಬಿಟ್ಟಿದ್ದರು. ಆಗ ಯಲ್ಲಾರಿ ಅಲ್ಲೇ ಬೆಲ್ಲ ನೆಕ್ಕುತ್ತ ನಿಂತಿದ್ದನಂತೆ. ಅವನನ್ನು ಯಾರೂ ಕೇಳಲಿಲ್ಲ, ಅವಳನ್ನಂತೂ ಕೇಳುವ ಹಾಗೇ ಇರಲಿಲ್ಲ. ಬುದ್ಧಿ ಬಂದ ಮೇಲೆ ಕೆಂಚವ್ವ ತನ್ನನ್ನು ತಾನೇ ಕೇಳಿಕೊಂಡು ಒಪ್ಪಿಕೊಂಡಳು. ಒಪ್ಪಿದ್ದಕ್ಕೆ ಗುರುತೆಂದರೆ, ಅವನ ಹೆಸರನ್ನು ನಾಲಗೆಯ ಮೇಲೆ ತರುವುದನ್ನೇ ಬಿಟ್ಟಳು. ಗಂಡನ ಹೆಸರು ಹೇಳಬಾರದು. ಮದುವೆಯ ಹಂದರದಲ್ಲಿ ಎಲ್ಲರೂ ಕಾಡಿ ಬೇಡಿದಾಗ ಮಾತ್ರ ಎರಡು ಸಾಲಿನ ಒಡಪು ಕಟ್ಟಿ, ಅದರೊಳಗೆ ಹೆಸರನ್ನು ಸೇರಿಸಿ ಹೇಳಬೇಕು. ಇನ್ನೂ ಗಂಡನಾಗದವನಿಗೂ ಅವಳು ಈ ಮರ್ಯಾದೆ ಕೊಡುತ್ತಿದ್ದಳು. ಎದುರಿಗೆ ಸಿಕ್ಕರೆ ‘ಏ ಕುರಿಕಾರಾ’ ಎನ್ನುತ್ತಿದ್ದಳು. ಮರ್ಯಾದೆ ಅಷ್ಟಕ್ಕೇ ನಿಂತಿತ್ತು.

ಅವನ ಹಿಂಡಿನಲ್ಲಿ ತಾಯಿ ಸತ್ತ ಮರಿ, ಹಾಲು ಸಾಲದ ಮರಿ ಇದ್ದರೆ ಅದು ಬಂದು ಬೀಳುತ್ತಿದ್ದುದು ಕೆಂಚವ್ವನ ಮಡಿಲಿಗೆ. ಅವಳು ಆಡಿನ ಹಾಲು ಕುಡಿಸಿ, ಮಾತಾಡಿಸಿ, ಬೈದು, ಬೆಳೆಸಿ ಹಿಂಡಿಗೆ ಕಳಿಸುತ್ತಿದ್ದಳು. ಹಿಂಡಿನ ಅರ್ಧದಷ್ಟು ಕುರಿಗಳು ಅವಳ ಬೈಗುಳ ತಿಂದೇ ದೊಡ್ಡವಾಗಿದ್ದವು.

ಐವತ್ತೆಂಟನೆಯ ಇಸವಿ. ಜೋಳದ ಸುಗ್ಗಿ ಮುಗಿದ ಹೊತ್ತು. ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಲು ಬೆಲ್ಲದ ಬಾಗೇವಾಡಿಯ ಕಡೆ ಹೋಗಿದ್ದ ಯಲ್ಲಾರಿ ತಿರುಗಿ ಬರುವಾಗ ತಲೆ ಅಲ್ಲೇ ಬಿಟ್ಟು ಬಂದಿದ್ದ. ಬಂದವನು ನೇರವಾಗಿ ಪರಸಪ್ಪನ ಅಂಗಳಕ್ಕೆ ನುಗ್ಗಿದ. ಕೆಂಚವ್ವ ಉಣ್ಣೆ ಹಿಂಜುತ್ತಿದ್ದಳು. ಇಬ್ಬರಿಗೂ ಅಜ್ಜಿಯಾದ ಉದ್ದವ್ವ ಕದರು ತಿರುವಿ ನೂಲುತ್ತಿದ್ದಳು.

“ಆಯಿ, ನಾ ಲಗ್ನ ಆದ್ರ ಆ ದನಿಯಾಕಿನ್ನ ಆಗಾಂವ. ಇಲ್ಲಂದ್ರ ಹಿಂಗ ಇರಾಂವ,” ಎಂದ.

“ಯಾವ ದನಿಯೋ ಯಪ್ಪಾ?”

ಬಾಗೇವಾಡಿಯಲ್ಲಿ ಒಂದು ಮದುವೆ. ಬೇವಿನ ಮರದ ತುದಿಗೆ ಭೋಂಗಾ ಕಟ್ಟಿದ್ದರು, ಕಹಳೆಯ ಬಾಯಿಯ ದೊಡ್ಡ ತಗಡಿನ ಸ್ಪೀಕರು. ಹೊತ್ತು ಮುಳುಗುವಾಗ ಅದರೊಳಗಿಂದ ಒಬ್ಬ ಹೆಣ್ಣುಮಗಳು ಸೋಬಾನೆ ಎತ್ತಿದಳಂತೆ. ದನಿ ಹೊಲಗಳನ್ನು ದಾಟಿ, ಹಿಂಡು ಬಿಟ್ಟು ಏಳಲಾಗದೆ ಇವನು ಕೂತಲ್ಲಿಗೆ ಬಂತಂತೆ.

“ಏನ ಹೇಳ್ಲಿ ಆಯಿ, ಕಂಚಿನ ತಾಟಿಗೆ ಬಳಿ ತಾಕಿಸಿದ್ಹಂಗ! ರೊಟ್ಟಿ ಮುರದಾಂವ ಬಾಯಾಗ ಇಟಗೊಳ್ಳೂದ ಮರತೆ. ನಾಯಿ ತಿಂದ ಹೋತು.”

ಉಣ್ಣೆ ಹಿಂಜುತ್ತಿದ್ದ ಕೆಂಚವ್ವನ ಕೈ ನಿಂತಿತು. ಮೈಯೆಲ್ಲ ಗಾಳಿ ತುಂಬಿದ ಹಾಗಾಯಿತು. ಆ ಮದುವೆ ಉದ್ದವ್ವನ ತಂಗಿಯ ಮೊಮ್ಮಗಳದು. ಭೋಂಗಾದವನು ಮೈಕು ಹಿಡಿದು ಬಂದಾಗ ಉಳಿದ ಹೆಂಗಸರೆಲ್ಲ ಹಾವು ಕಂಡವರ ಹಾಗೆ ಹಿಂದೆ ಸರಿದಿದ್ದರು, ಉದ್ದವ್ವ ತನ್ನ ಮೊಮ್ಮಗಳ ಬೆನ್ನಿಗೆ ಒಂದು ಗುದ್ದು ಕೊಟ್ಟು ಮುಂದೆ ತಳ್ಳಿದ್ದಳು. ಹಾಡಿದ್ದು ಕೆಂಚವ್ವ.

“ಅದು ನಾನ!” ಎಂದಳು. ಖುಷಿಗೆ ಮಡಿಲ ಉಣ್ಣೆಯೆಲ್ಲ ಅಂಗಳಕ್ಕೆ ಹಾರಿತು.

ಯಲ್ಲಾರಿ ಅವಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. “ನೀನಾ? ನಿನ್ನ ದನಿ ನನಗ ಗೊತ್ತಿಲ್ಲೇನ? ಗಡಿಗ್ಯಾಗ ಹುಳ್ಳಿಕಾಳ ಹಾಕಿ ಅಳ್ಳಾಡಿಸಿದ್ಹಂಗ ಐತಿ!”

“ಖರೇನೋ, ಇಕೀನ ಹಾಡಿದ್ಲು. ನಾ ಬಾಜೂಕ ಕುಂತಿದ್ನೆಲ್ಲ,” ಎಂದಳು ಉದ್ದವ್ವ.

“ನೀವೆಲ್ಲಾರೂ ಕೂಡೀರಿ. ಹೆಂಗಾರ ಮಾಡಿ ನನ್ನ ಕಟ್ಟಿಹಾಕಬೇಕಂತೀರಿ. ನನ್ನ ಕಿವಿ ಎಂದಾರ ತಪ್ಪೈತೇನು? ಕಣ್ಣ ಕಟ್ಟಿ ನಿಲ್ಲಸ್ರಿ, ಒದರಿದ ಕುರಿ ಯಾವುದು, ಅದರ ಮರಿ ಯಾವುದು ಅಂತ ಹೇಳಾಂವ ನಾ!”

ಆ ಮಾತು ಸುಳ್ಳಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಅವನ ಕಿವಿಯ ಮುಂದೆ ಅಜ್ಜಿಯ ಸಾಕ್ಷಿ ನಿಲ್ಲಲಿಲ್ಲ.

ಸಂಜೆ ಪರಸಪ್ಪನಿಗೆ ವಿಷಯ ತಿಳಿಯಿತು. ಅವನಿಗೆ ಸಿಟ್ಟು ಮೂಗಿನ ತುದಿಯಲ್ಲಿ. ಹುಕ್ಕೇರಿಯ ಒಂದು ಮನೆಯವರು ಕೆಂಚವ್ವನನ್ನು ಕೇಳಿ ಹೋಗಿದ್ದರು, ಅವನು ‘ಆಗ್ಲೇ ಗೊತ್ತಾಗೈತ್ರಿ’ ಎಂದು ಕಳಿಸಿದ್ದ. ಈಗ ಹೇಳಿದ: “ಹುಣ್ಣಿಮಿ ತನಕ ನೋಡ್ತೇನಿ. ಅಳಿಯಾ ಹೂಂ ಅಂದ್ರ ಛಲೋ. ಇಲ್ಲಂದ್ರ ಹುಕ್ಕೇರಿಯವರಿಗೆ ಬರ್ರಿ ಅಂತ ಹೇಳಿ ಕಳಸ್ತೇನಿ. ನನ್ನ ಮಗಳು ಯಾವುದೋ ದನಿಗೆ ಸವತಿ ಆಗೂದು ಬ್ಯಾಡ.”

ಲೋಕದಲ್ಲಿ ಹೆಂಗಸರು ಇನ್ನೊಬ್ಬಳ ಮೇಲೆ ಹೊಟ್ಟೆಕಿಚ್ಚು ಪಡುತ್ತಾರೆ. ಕೆಂಚವ್ವನಿಗೆ ತನ್ನ ಮೇಲೇ ಹೊಟ್ಟೆಕಿಚ್ಚಾಯಿತು. ಆ ಭೋಂಗಾದೊಳಗಿನ ಕೆಂಚವ್ವ ಸಿಕ್ಕಿದ್ದರೆ ಅವಳ ಜಡೆ ಹಿಡಿದು ಎಳೆದಾಡುತ್ತಿದ್ದಳು. ಯಲ್ಲಾರಿಯಂತೂ ಆ ದನಿಯನ್ನು ಹುಡುಕುತ್ತ ಮೂಡಲಗಿ ಸಂತೆಗೂ ಹೋದ. ಬಾಗೇವಾಡಿಯಿಂದ ಬಂದಿದ್ದ ಬಳೆಗಾರ್ತಿಯೊಬ್ಬಳನ್ನು “ಒಂದ ಸಾಲ ಹಾಡ್ರಿ ಯಕ್ಕಾ” ಎಂದು ಕೇಳಿ, ಚಪ್ಪಲಿ ತೋರಿಸಿಕೊಂಡು ಬಂದ.

ಒಂದು ಮಧ್ಯಾಹ್ನ ಕೆಂಚವ್ವ ಖಾಲಿ ತಾಮ್ರದ ಕೊಡ ಎತ್ತಿಕೊಂಡು ಬೇಸರಕ್ಕೆ ಅದರ ಬಾಯೊಳಗೇ ಹಾಡಿದಳು. ಒಳಗಿನಿಂದ ಬೇರೆ ಯಾರೋ ಹಾಡಿದ ಹಾಗೆ ಕೇಳಿಸಿತು. ಬೆಚ್ಚಿ ಕೊಡ ಕೆಳಗಿಟ್ಟಳು. ಮತ್ತೆ ಎತ್ತಿ ಹಾಡಿದಳು. ಅಲ್ಲಿಗೆ ಹುಚ್ಚು ಹತ್ತಿತು. ಹಂಡೆಯೊಳಗೆ ತಲೆ ಹಾಕಿ ಹಾಡಿದಳು: ಹೊಟ್ಟೆ ತುಂಬಿದ ಗೌಡನ ದನಿ. ಕಾಳು ತುಂಬುವ ಹಗೇವಿನ ಬಾಯಿಗೆ ಬಾಗಿ ಹಾಡಿದಳು: ನೆಲದಡಿಯಿಂದ ಯಾರೋ ಮುತ್ತಜ್ಜಿ ಹಾಡಿದ ಹಾಗೆ. ಸೀಮೆಎಣ್ಣೆ ಸುರಿಯುವ ಲಾಳಿಕೆ ಬಾಯಿಗಿಟ್ಟು ಹಾಡಿದಳು: ಮೂಗಿನಲ್ಲಿ ಖಣಖಣ. ಹಾಡು ಒಂದೇ, ಬಾಯಿ ಒಂದೇ, ಹೊರಗೆ ಬರುವವರು ಮಾತ್ರ ಬೇರೆ ಬೇರೆ. ಮೊಮ್ಮಗಳಿಗೆ ಗಾಳಿ ಸೋಕಿದೆಯೆಂದು ಉದ್ದವ್ವ ಬೇವಿನ ಸೊಪ್ಪು ತರಲು ಹೊರಟಿದ್ದಳು. ಸಂಗತಿ ತಿಳಿದ ಮೇಲೆ ನಿಂತಳು.

“ಇದರಾಗೇನ ದೊಡ್ಡದೈತೆ? ನೀರು ಕರಿಮಣ್ಣಿನ ಕೆರ್‍ಯಾಗ ನಿಂತ್ರ ಕರ್ರಗಾಗತೈತಿ, ಕೆಂಪಮಣ್ಣಿನ್ಯಾಗ ನಿಂತ್ರ ಕೆಂಪಗಾಗತೈತಿ. ದನೀನೂ ಹಂಗ,” ಎಂದು, ತಾನೂ ಒಂದು ಸಲ ಲಾಳಿಕೆಯಲ್ಲಿ ಹಾಡಿ ನೋಡಿ, ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

ಕೆಂಚವ್ವ ಯಲ್ಲಾರಿಯನ್ನು ಕರೆದು ಕೂರಿಸಿ ಲಾಳಿಕೆಯಲ್ಲಿ ಹಾಡಿ ತೋರಿಸಿದಳು. ಅವನು ಕಣ್ಣು ಮುಚ್ಚಿ, ಕತ್ತು ವಾಲಿಸಿ, ದೊಡ್ಡ ಪಂಡಿತನ ಹಾಗೆ ಕೇಳಿದ.

“ಸ್ವಲ್ಪ ಅದರ ಕಡೆ ಹೊಂಟೈತಿ. ಆದ್ರ ಅದಲ್ಲ. ಇದರಾಗ ಸೀಮಿಎಣ್ಣಿ ವಾಸನಿ ಐತಿ,” ಎಂದ.

ಲಾಳಿಕೆ ಅವನ ಬೆನ್ನಟ್ಟಿ ಹೋಯಿತು.

ಮಾರನೆಯ ದಿನ ಕೆಂಚವ್ವ ಅಜ್ಜಿಯನ್ನು ಹೊರಡಿಸಿಕೊಂಡು ಗೋಕಾಕಕ್ಕೆ ಹೋದಳು. ಕಂಬಳಿ ಮಾರುವುದು ನೆಪ. ಅಲ್ಲಿ ಭೋಂಗಾದ ಒಡೆಯ ಕೇದಾರಿಯ ಅಂಗಡಿ ಇತ್ತು. ಕೇದಾರಿ ಎಂದರೆ ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಬಾಯಿ ತುಂಬ ಎಲೆಯಡಿಕೆ, ಮಾತು ತುಂಬ ಬಡಾಯಿ. ಭೋಂಗಾವನ್ನು ಮಗನಿಗೆ ಎಣ್ಣೆ ತಿಕ್ಕುವ ಹಾಗೆ ಬಟ್ಟೆಯಲ್ಲಿ ತಿಕ್ಕುತ್ತ ಕೂತಿದ್ದ. ಕೆಂಚವ್ವ ಎಲ್ಲವನ್ನೂ ಹೇಳಿದಳು. ಅವನು ನಗಲಿಲ್ಲ. ಅವನಿಗೆ ಹೆಮ್ಮೆಯಾಯಿತು.

“ನನ್ನ ಭೋಂಗಾ ಭಾರಿ ಊಟಗಾರ ತಂಗಿ,” ಎಂದ. “ದನಿಯೊಳಗಿನ ದಪ್ಪಂದೆಲ್ಲಾ ತಾನ ತಿಂದಬಿಡತೈತಿ. ನಡುವ ಒಂದು ಖಣಖಣ ಇರತೈತೆಲ್ಲ, ಅದನ್ನ ದುಪ್ಪಟ್ಟು ಮಾಡಿ ಹೊರಗ ಹಾಕತೈತಿ. ತಬಲಾ ಹಾಕು, ಡಬ್ಬಿ ಆಗತೈತಿ. ಸನಾದಿ ಹಾಕು, ಹತ್ತು ಸನಾದಿ ಆಗತೈತಿ. ನಿನ್ನ ದನ್ಯಾಗ ದಪ್ಪಂದೂ ಐತಿ, ಖಣಖಣಾನೂ ಐತಿ. ಮನ್ಯಾಗ ಮಾತಾಡೂವಾಗ ದಪ್ಪಂದು ಮುಂದ ನಿಂತಿರತೈತಿ, ಅಷ್ಟ.”

ಹುಣ್ಣಿಮೆಗೆ ಮುಂಚೆ ಮೇಲವಂಕಿಯಲ್ಲಿ ಸೊಸೈಟಿಯ ಹೊಸ ಗೋದಾಮಿನ ಪೂಜೆ ಇತ್ತು. ಅದಕ್ಕೆ ಬರುವುದು ಕೇದಾರಿಯ ಭೋಂಗಾವೇ. ಕೆಂಚವ್ವ ತನ್ನ ಉಪಾಯ ಹೇಳಿದಳು. ಕೇದಾರಿ ಎಲೆಯಡಿಕೆ ನುಂಗುವುದನ್ನೂ ಮರೆತು ಕೇಳಿ, “ಮಾಡೂಣು, ಆದ್ರ ನಿಮ್ಮ ಆಯಿ ಕೈಯಾಂದು ಪುಂಡಿಪಲ್ಯಾ ರೊಟ್ಟಿ ಬೇಕು ನನಗ,” ಎಂದ. ಉದ್ದವ್ವ ಅಂಗಡಿಯ ಮೆಟ್ಟಿಲಿಂದಲೇ ಹೂಂಗುಟ್ಟಿದಳು.

ಪೂಜೆಯ ದಿನ ಊರಿಗೆ ಊರೇ ಗೋದಾಮಿನ ಮುಂದೆ. ಭೋಂಗಾ ಮಾಡಿನ ತುದಿಯಲ್ಲಿ, ಮೈಕು ಗೋದಾಮಿನ ಒಳಗೆ, ಕೇದಾರಿ ಹೊರಗೆ ಬ್ಯಾಟರಿಯ ಪಕ್ಕ. ಎದುರಿಗಿನ ಕಟ್ಟೆಯ ಮೇಲೆ ಯಲ್ಲಾರಿ ಕಿವಿ ನಿಮಿರಿಸಿ ಕೂತಿದ್ದ. ಅದೇ ಭೋಂಗಾ ಬಂದಿದೆ, ಅದೇ ದನಿಯೂ ಬಂದೀತು ಎಂಬ ಆಸೆ ಅವನಿಗೆ. ಅವನ ಹಿಂಡು ಊರಾಚೆಯ ಒಡ್ಡಿನ ಮೇಲೆ ಮೇಯುತ್ತಿತ್ತು. ಒಡ್ಡಿನ ಕೆಳಗೆ ಕಟ್ಟೆಯಿಲ್ಲದ ದೊಡ್ಡ ಬಾವಿ.

ಮೊದಲು ಬೀರಸಿದ್ದಪ್ಪ ಡೊಳ್ಳು ಬಾರಿಸಿದ. ಸುತ್ತಲ ಹಳ್ಳಿಗಳಲ್ಲಿ ಅವನ ಡೊಳ್ಳೆಂದರೆ ಎದೆಯೊಳಗೆ ಹೊಕ್ಕು ಕೂರುವ ಸದ್ದು. ಅವನು ಗೋದಾಮಿನೊಳಗೆ, ಮೈಕಿನ ಮುಂದೆ, ಮೈಮರೆತು ಬಾರಿಸಿದ. ಹೊರಗೆ ಮಾಡಿನ ಮೇಲಿಂದ ಬಂದದ್ದು ಟಣ್ ಟಣ್ ಟಣಾ ಟಣ್. ಎಣ್ಣೆಯ ಡಬ್ಬಿಗೆ ಕಲ್ಲು ಹೊಡೆಯುವ ಸದ್ದು! ಜನ ಬಿದ್ದು ಬಿದ್ದು ನಕ್ಕರು. ಬೀರಸಿದ್ದಪ್ಪ ಡೊಳ್ಳು ಹೊತ್ತೇ ಹೊರಗೆ ಓಡಿ ಬಂದ.

“ಯಾವ ಭಾಡ್ಯಾ ನನ್ನ ಡೊಳ್ಳಿನ ಹೊಟ್ಟಿ ಕದ್ದಾಂವ?”

“ಭೋಂಗಾ ತಿಂದೈತ್ರಿ ಕಾಕಾ,” ಎಂದ ಕೇದಾರಿ. “ಅದಕ್ಕ ಹಸಿವು ಭಾಳ.”

ನಗು ಇನ್ನೂ ಇಳಿದಿರಲಿಲ್ಲ, ಆಗಲೇ ಭೋಂಗಾದಿಂದ ಒಂದು ಕುರಿ ಒದರಿತು. ಕೇದಾರಿ ಕೂಗಿ ಕೇಳಿದ: “ಯಲ್ಲಾರಪ್ಪಾ, ಕಿವಿಗಾರಾ! ಇದು ಯಾರ ಕುರಿ ಹೇಳು ನೋಡೂಣು?”

ಯಲ್ಲಾರಿ ಕಣ್ಣು ಮುಚ್ಚಿದ. ಇನ್ನೊಮ್ಮೆ ಒದರಿತು. “ನಮ್ಮ ಹಿಂಡಿಂದಲ್ಲ, ಈ ಊರಿಂದೂ ಅಲ್ಲ,” ಎಂದ ಖಡಾಖಂಡಿತವಾಗಿ. “ಎಲ್ಲಿಯೋ ಪರದೇಶಿ ಕುರಿ. ಗಂಟಲಬ್ಯಾನಿ ಐತಿ ಅದಕ್ಕ. ಇಂಥಾದನ್ನ ಸಂತ್ಯಾಗ ಪುಕ್ಕಟ ಕೊಟ್ರೂ ತರಬಾರ್ದು.”

ಗೋದಾಮಿನ ಬಾಗಿಲು ತೆರೆಯಿತು. ಉದ್ದವ್ವ ಕುರಿಯ ಕಿವಿ ಹಿಡಿದು ಹೊರಗೆ ಬಂದಳು. ಅದು ಕರಿಕಿವಿ. ಯಲ್ಲಾರಿಯ ಹಿಂಡಿನ ಮುಂದಾಳು, ಅವನು ತನ್ನ ರೊಟ್ಟಿಯಲ್ಲಿ ಪಾಲು ಕೊಟ್ಟು ಸಾಕಿದ ಕುರಿ. ಅದರ ಮರಿಯನ್ನು ಕೆಂಚವ್ವ ಬೆಳಿಗ್ಗೆಯೇ ಬಚ್ಚಿಟ್ಟಿದ್ದಳು, ಯಲ್ಲಾರಿ ಇತ್ತ ಬಂದ ಮೇಲೆ ಉದ್ದವ್ವ ತಾಯಿಯನ್ನು ಹಿಂಡಿನಿಂದ ಎಳೆತಂದಿದ್ದಳು. ಮರಿ ಕಾಣದೆ ಅದು ಒದರುತ್ತಿತ್ತು. ಯಜಮಾನನನ್ನು ಕಂಡದ್ದೇ ಕರಿಕಿವಿ ಮತ್ತೊಮ್ಮೆ, ಈ ಸಲ ತನ್ನ ಸ್ವಂತ ಬಾಯಿಂದ, ಒದರಿತು. ಯಲ್ಲಾರಿಯ ಮುಖ ಸುಟ್ಟ ಬದನೆಕಾಯಿ ಆಯಿತು. ಊರವರ ನಗುವಿಗೆ ಗೋದಾಮಿನ ಹೊಸ ಗೋಡೆ ಬಿರುಕು ಬಿಡಲಿಲ್ಲ ಅನ್ನುವುದೇ ಸೊಸೈಟಿಯ ಪುಣ್ಯ.

ಆಗ ಭೋಂಗಾ ಹಾಡಿತು.

ಅದೇ ಸೋಬಾನೆ, ಅದೇ ಕಂಚಿನ ದನಿ. ಯಲ್ಲಾರಿ ಕಟ್ಟೆಯಿಂದ ಹಾರಿದ. ಯಾರ ಕಾಲು ತುಳಿದ, ಯಾರ ತಲೆಯ ಪಟಗ ಉರುಳಿಸಿದ, ಅವನಿಗೆ ಗೊತ್ತಿಲ್ಲ. ಗೋದಾಮಿನ ಬಾಗಿಲಿಗೆ ಬಂದು ನೋಡಿದರೆ, ಒಳಗೆ ಕೆಂಚವ್ವ ಒಬ್ಬಳೇ. ಕೈಯಲ್ಲಿ ಮೈಕು. ಬಾಯಿಂದ ಗಡಿಗೆಯ ಹುಳ್ಳಿಕಾಳು, ತಲೆಯ ಮೇಲಿಂದ ಕಂಚಿನ ತಾಟು, ಎರಡೂ ಒಂದೇ ಹಾಡು.

ಕೆಂಚವ್ವ ಗೆದ್ದಿದ್ದಳು. ಅವಳಿಗೆ ಕುಣಿಯಬೇಕೆನ್ನಿಸಿತು. ಈಗ ‘ತಪ್ಪಾತು’ ಅನ್ನುತ್ತಾನೆ, ಈಗ ‘ಲಗ್ನ ಆಗೂಣು’ ಅನ್ನುತ್ತಾನೆ ಎಂದು ಕಾದಳು. ಯಲ್ಲಾರಿ ಅವಳನ್ನು ಬಿಟ್ಟು ಕೇದಾರಿಯ ಕಡೆ ತಿರುಗಿದ.

“ಕೇದಾರಣ್ಣಾ, ಇಂಥಾದೊಂದು ಭೋಂಗಾ ಎಲ್ಲಿ ಸಿಗತೈತಿ? ಲಗ್ನ ಆದಮ್ಯಾಲೆ ಮನ್ಯಾಗ ಒಂದ ಇರ್ಲಿ!”

ಕೆಂಚವ್ವನ ಎದೆಯಲ್ಲಿ ಹಾರುತ್ತಿದ್ದುದೆಲ್ಲ ದೊಪ್ಪನೆ ನೆಲಕ್ಕೆ ಬಿತ್ತು. ಕಣ್ಣು ತುಂಬಿಕೊಂಡವು, ಅದರ ಹಿಂದೆಯೇ ಸಿಟ್ಟೂ ಬಂತು. ಮೈಕಿನ ವಾಯರು ಎಳೆದುಕೊಂಡೇ ಹೊರಗೆ ಬಂದು, ಭೋಂಗಾದ ಎದುರಿಗೆ ನಿಂತು, ಊರಿಗೆಲ್ಲ ಕೇಳುವಂತೆ ಹೇಳಿದಳು:

“ಹಂಗಾದ್ರ ಭೋಂಗಾಕ್ಕ ತಾಳಿ ಕಟ್ಟು! ನಾ ಹುಕ್ಕೇರಿಗೆ ಹೋಗ್ತೇನಿ!”

ಮಾತು ಮುಗಿಯುವ ಮೊದಲೇ ಭೋಂಗಾ ಕಿರುಚಿತು. ಮೈಕನ್ನು ಭೋಂಗಾದ ಬಾಯೆದುರಿಗೆ ತಂದರೆ ಅದು ಹಾಗೆ ಕಿರುಚುತ್ತದೆಂದು ಕೇದಾರಿಗೆ ಗೊತ್ತಿತ್ತು, ಹೇಳಲು ಹೊತ್ತು ಸಿಗಲಿಲ್ಲ. ಕುಂಯ್ಯೆನ್ನುವ ಆ ಸದ್ದಿಗೆ ಹೆಂಗಸರು ಕಿವಿ ಮುಚ್ಚಿದರು, ನಾಯಿಗಳು ಕಾಲಿಗೆ ಬುದ್ಧಿ ಹೇಳಿದವು. ಒಡ್ಡಿನ ಮೇಲಿನ ಹಿಂಡು ಒಮ್ಮೆಗೇ ಚೆಲ್ಲಾಪಿಲ್ಲಿಯಾಗಿ ಇಳಿಜಾರಿನಲ್ಲಿ ಓಡತೊಡಗಿತು. ಬಾವಿಯ ಕಡೆಗೆ.

“ಅಯ್ಯಯ್ಯೋ, ಬಾವಿ!” ಯಲ್ಲಾರಿ ಕೆಂಚವ್ವನ ಕೈಯಿಂದ ಮೈಕು ಕಸಿದುಕೊಂಡ. ಬರಿಯ ಕೂಗಿಗಿಂತ ಭೋಂಗಾದ ಕೂಗು ದೊಡ್ಡದಲ್ಲವೇ! “ತುರ್ರ್ ಬಾ! ಬಾ ಬಾ!” ಎಂದು ಅದರೊಳಗೆ ಒದರಿದ. ಮಾಡಿನ ಮೇಲಿಂದ ಯಾವುದೋ ತಗಡಿನ ರಾಕ್ಷಸ ಒದರಿದ ಹಾಗಾಯಿತು. ಹುಟ್ಟಿದಾಗಿನಿಂದ ಅವನ ಕೂಗಿಗೇ ಬದುಕಿದ ಕುರಿಗಳು ಅದನ್ನು ಕೇಳಿ ಇನ್ನೂ ಜೋರಾಗಿ ಓಡಿದವು. ಅವನು ಇನ್ನೂ ಒದರಿದ, ಅವು ಇನ್ನೂ ಓಡಿದವು.

ಕೆಂಚವ್ವ ಅವನ ಕೈಗೆ ಹೊಡೆದು ಮೈಕು ಬೀಳಿಸಿದಳು. “ಬಂದ್ ಮಾಡ್ರಿ ಅದನ್ನ!” ಎಂದು ಕೇದಾರಿಗೆ ಚೀರಿ, ಸೀರೆ ಎತ್ತಿ ಕಟ್ಟಿ, ಗೋದಾಮಿನ ಪಕ್ಕದ ಗೋಡೆ ಹತ್ತಿ ನಿಂತಳು. ಎದೆಯ ಆಳದಿಂದ ದನಿ ಎತ್ತಿದಳು.

“ಬಾ ನನ್ನವ್ವಾ, ಬಾ... ಎಲ್ಲಿ ಸಾಯಾಕ ಹೊಂಟೀರಿ, ಮೂಳಗೋಳಾ... ಬಾ ಬಾ ಬಾ...”

ದಪ್ಪನೆಯ, ಒರಟು, ಹುಳ್ಳಿಕಾಳಿನ ದನಿ. ಅದು ಹೊಲದ ಮೇಲೆ ಹಾಸಿಕೊಂಡು ಹೋಯಿತು. ಮುಂದೆ ಓಡುತ್ತಿದ್ದ ಒಂದು ಕುರಿ ಬಾವಿಯ ಅಂಚಿನಲ್ಲಿ ತಟ್ಟನೆ ನಿಂತು ಕಿವಿ ಎತ್ತಿತು. ಅದರ ಹಿಂದಿನದು ಅದಕ್ಕೆ ಡಿಕ್ಕಿ ಹೊಡೆದು ನಿಂತಿತು. ಆಡಿನ ಹಾಲಿನ ಜೊತೆ ಕುಡಿದ ಬೈಗುಳ ಅವುಗಳಿಗೆ ಗೊತ್ತಿತ್ತು. ಒಂದು ತಿರುಗಿತು, ಹತ್ತು ತಿರುಗಿದವು. ಆಮೇಲೆ ಇಡೀ ಹಿಂಡು ಒದರುತ್ತ, ಒಂದನ್ನೊಂದು ತಳ್ಳುತ್ತ ಗೋಡೆಯ ಕಡೆಗೆ ನುಗ್ಗಿ ಬಂತು. ಪೂಜೆಯ ಬಾಳೆಕಂಬ ಅವುಗಳ ಪಾಲಾಯಿತು. ಕೇದಾರಿಗೆಂದು ತಂದ ಪುಂಡಿಪಲ್ಯವೂ ಉಳಿಯಲಿಲ್ಲ.

ಯಲ್ಲಾರಿ ಕುರಿಗಳ ನಡುವೆ ನಿಂತಿದ್ದ. ತನ್ನ ಹಿಂಡಿಗೆ ತನ್ನ ದನಿಯೇ ಗುರುತು ಸಿಗಲಿಲ್ಲ ಎಂಬುದು ಅವನ ತಲೆಯೊಳಗೆ ಇನ್ನೂ ಸುತ್ತುತ್ತಿತ್ತು. ಕೆಂಚವ್ವ ಗೋಡೆಯಿಂದ ಇಳಿಯದೆ, ಮುಖ ಬೇರೆ ಕಡೆ ತಿರುಗಿಸಿ ಕೂತಿದ್ದಳು.

“ಇನ್ನೊಮ್ಮಿ ಕರಿ,” ಎಂದ ಮೆಲ್ಲಗೆ.

“ಯಾಕ? ಎಲ್ಲಾ ಕುರಿ ಬಂದಾವಲ್ಲ.”

“ನಾ ಇನ್ನೂ ಬಂದಿಲ್ಲ.”

ಕೆಂಚವ್ವ ತಿರುಗಿ ನೋಡಿದಳು. ಆ ಮುಖದಲ್ಲಿ ಪಂಡಿತಿಕೆ ಚೂರೂ ಉಳಿದಿರಲಿಲ್ಲ. ಅವಳಿಗೆ ನಗು ತಡೆಯಲಾಗಲಿಲ್ಲ. “ಬಾ ಮೂಳಾ,” ಎಂದಳು. ಅವನು ಬಂದ.

ಹುಕ್ಕೇರಿಯವರಿಗೆ ಪರಸಪ್ಪ ಏನೂ ಹೇಳಿ ಕಳಿಸಲಿಲ್ಲ.

ಮದುವೆಗೆ ಯಾರೂ ಕರೆಯದಿದ್ದರೂ ಕೇದಾರಿ ಭೋಂಗಾ ಹೊತ್ತುಕೊಂಡು ಬಂದ. ಈ ಲಗ್ನ ಮಾಡಿಸಿದ್ದೇ ತಾನೆಂದು ಗೋಕಾಕದ ತುಂಬ ಹೇಳಿಕೊಂಡು ತಿರುಗಿದ್ದ. ಬೀರಸಿದ್ದಪ್ಪ ಮಾತ್ರ ಡೊಳ್ಳನ್ನು ಭೋಂಗಾದಿಂದ ಮಾರು ದೂರ ಇಟ್ಟುಕೊಂಡು ಬಾರಿಸಿದ. ಒಡಪಿನ ಹೊತ್ತು ಬಂತು. ಹೆಂಗಸರು ಹೆಸರು ಹೇಳು ಹೆಸರು ಹೇಳು ಎಂದು ಮುತ್ತಿದರು. ಕೇದಾರಿ ಮೈಕು ತಂದು ಮದುಮಗಳ ಮುಂದೆ ಹಿಡಿದ. ಕೆಂಚವ್ವ ಅದನ್ನು ಕೈಯಿಂದ ಸರಿಸಿದಳು. ಬುದ್ಧಿ ಬಂದಾಗಿನಿಂದ ಬಾಯೊಳಗೇ ಇಟ್ಟುಕೊಂಡಿದ್ದ ಹೆಸರನ್ನು, ಪಕ್ಕದಲ್ಲಿ ಕೂತವನ ಕಡೆ ತುಸು ಬಾಗಿ, ತನ್ನ ಗಡಿಗೆಯ ದನಿಯಲ್ಲೇ ಹೇಳಿದಳು:

“ಕರಿಕಿವಿ ಕುರಿ ಮುಂದ, ಕಂಬಳಿ ಹೆಗಲಿಗೆ,
ಬರಿಬಾಯಿಲೆ ಕರದೇನು ಯಲ್ಲಾರಿರಾಯರಿಗೆ.”

ಹಂದರದ ಹಿಂದಿನಿಂದ ಜನ ಕೂಗಿದರು: “ಕೇಳಿಸ್ಲಿಲ್ಲ! ಮೈಕಿನ್ಯಾಗ ಹೇಳವಾ! ಇನ್ನೊಮ್ಮಿ!”

ಮದುಮಗ ಬಾಸಿಂಗ ಓರೆಯಾದದ್ದನ್ನೂ ಲೆಕ್ಕಿಸದೆ ಎದ್ದು ನಿಂತ.

“ನನಗ ಕೇಳಿಸ್ತ್ರಿ,” ಎಂದ.